ಕಪ್ಪು ದಾರ ಮತ್ತು ಬಣ್ಣದ ವೇಷ

ಮುಂಬಯಿಯಲ್ಲಿ ಫೋರ್ಟ್ ಎಂಬ ಪ್ರದೇಶವಿದೆ, ಕೋಟೆ ಇಲ್ಲ. ಗವರ್ನರ್ ಬಾರ್ಟಲ್ ಫ್ರಿಯರ್ ಅವರ ಆಡಳಿತದಲ್ಲಿ, 1860ರ ದಶಕದಲ್ಲಿ, ಹಳೆಯ ಕೋಟೆಯ ಗೋಡೆಗಳನ್ನು ಕೆಡವಲಾಯಿತು. ಕಂದಕ ಮುಚ್ಚಿತು, ರಸ್ತೆಗಳು ಅಗಲವಾದವು, ಹೆಸರೊಂದು ಉಳಿಯಿತು. ಚರ್ಚ್‌ಗೇಟಿನಲ್ಲಿ ಇಂದು ಕೋಟೆಯ ಬಾಗಿಲಿಲ್ಲ, ಬಜಾರ್‌ಗೇಟಿನಲ್ಲೂ ಇಲ್ಲ. ಕಣ್ಣಿಗೆ ಕಾಣದ್ದನ್ನು ಹೆಸರಿನಿಂದ ಗುರುತಿಸಿ ಓಡಾಡುವುದು ಇಲ್ಲಿನವರಿಗೆ ರೂಢಿಯಾಗಿದೆ. ಇಲ್ಲದ್ದನ್ನು ಇದೆಯೆಂಬಂತೆ ತೋರಿಸುವ ಕಲೆಯೊಂದು ಭಾರತಕ್ಕೆ ಮೊದಲು ಬಂದಿಳಿದದ್ದೂ ಇದೇ ನೆಲದಲ್ಲಿ.

1896ರ ಜುಲೈ 7ರಂದು ಕಾಲಾ ಘೋಡಾ ಬಳಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಲನಚಿತ್ರಗಳ ಪ್ರದರ್ಶನ ನಡೆಯಿತು. ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಅವರ ಪ್ರತಿನಿಧಿ ಮಾರಿಯಸ್ ಸೆಸ್ಟಿಯೇ ದಾರಿಯಲ್ಲಿ ಇಲ್ಲಿ ತಂಗಿ ಯಂತ್ರವನ್ನು ಹೂಡಿದ್ದ. ಪ್ರವೇಶಧನ ಒಂದು ರೂಪಾಯಿ. ತೋರಿಸಿದ ಆರು ತುಣುಕುಗಳಲ್ಲಿ ನಿಲ್ದಾಣಕ್ಕೆ ಬರುವ ರೈಲೊಂದು ಇತ್ತು. ಗೋಡೆ ಕೆಡಹುವ ದೃಶ್ಯವೊಂದು ಇತ್ತು. ಈ ಎರಡನೆಯ ತುಣುಕನ್ನು ಲೂಮಿಯೇರರ ಕೆಲಸಗಾರರು ಹಲವೆಡೆ ಹಿಂದುಮುಂದಾಗಿ ಓಡಿಸಿ, ಬಿದ್ದ ಗೋಡೆ ತಾನಾಗಿ ಎದ್ದು ನಿಲ್ಲುವಂತೆ ತೋರಿಸುತ್ತಿದ್ದರು. ಚಲನಚಿತ್ರ ಹುಟ್ಟಿದ ಒಂದೆರಡು ವರ್ಷದೊಳಗೇ ಅದು ಕಣ್ಕಟ್ಟನ್ನು ಕಲಿತಿತ್ತು.

ರೈಲಿನ ತುಣುಕನ್ನು ಕಂಡು ಪ್ರೇಕ್ಷಕರು ಹೆದರಿ ಓಡಿದರೆಂಬ ಕಥೆ ಜಗತ್ತಿನಾದ್ಯಂತ ಪ್ರಚಲಿತವಾಗಿದೆ. ಚಲನಚಿತ್ರ ಇತಿಹಾಸಕಾರರು ಅದನ್ನು ಸುಲಭವಾಗಿ ನಂಬುವುದಿಲ್ಲ. ಟಾಮ್ ಗನಿಂಗ್ ಅವರ ವಾದದಂತೆ ಆ ಪ್ರೇಕ್ಷಕ ಮುಗ್ಧನಲ್ಲ. ಜಾದೂ, ಛಾಯಾದೀಪ, ರಂಗತಂತ್ರಗಳನ್ನು ಕಂಡು ಪಳಗಿದವನು. ತೆರೆಯ ಮೇಲಿನ ರೈಲು ತನ್ನನ್ನು ಹಾಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮೈ ಜುಮ್ಮೆನ್ನುವುದೇ ಅವನು ಕಾಸು ಕೊಟ್ಟು ಪಡೆದ ಸುಖ.

ಈ ಮಾತನ್ನು ಹಿಡಿದು ನಾವು ಸಿನಿಮಾ ಚರಿತ್ರೆಯ ಹಿತ್ತಿಲಿಗೆ ಹೋಗಬಹುದು. ಅಲ್ಲಿ ರಬ್ಬರಿನ ಮುಖವಾಡ ತೊಟ್ಟ ಪಿಶಾಚಿಗಳಿವೆ, ರಟ್ಟಿನ ರಾಕೆಟ್ಟುಗಳಿವೆ, ದಾರದಲ್ಲಿ ತೂಗುವ ಹಾರುವ ತಟ್ಟೆಗಳಿವೆ. ಹಳೆಯ ವೈಜ್ಞಾನಿಕ ಕಟ್ಟುಕಥೆಗಳ ಮತ್ತು ಭೂತಪ್ರೇತಗಳ ಅಗ್ಗದ ಚಿತ್ರಗಳನ್ನು ಪ್ರೀತಿಯಿಂದ ನೋಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅಮೆರಿಕದ ಎಡ್ ವುಡ್ ತೆಗೆದ ‘ಪ್ಲಾನ್ ನೈನ್ ಫ್ರಮ್ ಔಟರ್ ಸ್ಪೇಸ್’ ಅತ್ಯಂತ ಕೆಟ್ಟ ಚಿತ್ರವೆಂಬ ಬಿರುದು ಹೊತ್ತೇ ಅಮರವಾಗಿದೆ. ಈ ಪ್ರೀತಿಗೆ ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಕೊರತೆಯನ್ನು ಕಂಡು ನಗುವ ಮೋಜು. ಫೋರ್ಟಿನ ಚರಿತ್ರೆಯನ್ನೂ ಇಲ್ಲಿ ದುಡಿದು ಬದುಕಿದ ಕರಾವಳಿ ಕನ್ನಡಿಗರ ಅನುಭವವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಕಾರಣ ಸಾಲದೆನಿಸುತ್ತದೆ.

ಬೋರಿಬಂದರಿನ ಮಾಯಾಮಂದಿರಗಳು

ವಾಟ್ಸನ್ ಹೋಟೆಲಿನ ಪ್ರದರ್ಶನ ಕೆಲವೇ ದಿನಗಳಲ್ಲಿ ನಾವೆಲ್ಟಿ ಎಂಬ ನಾಟಕಗೃಹಕ್ಕೆ ಸ್ಥಳಾಂತರವಾಯಿತು. ಬೋರಿಬಂದರಿನ ಬಳಿ ಎರಡು ದೊಡ್ಡ ನಾಟಕಗೃಹಗಳು ಎದ್ದಿದ್ದವು: ನಾವೆಲ್ಟಿ ಮತ್ತು ಗೇಯಿಟಿ. ಪಾರ್ಸಿ ನಾಟಕ ಕಂಪನಿಗಳು ಅಲ್ಲಿ ‘ಇಂದರ್ ಸಭಾ’ದಂಥ ಆಟಗಳನ್ನು ಆಡುತ್ತಿದ್ದವು. ಅಪ್ಸರೆಯರು ಹಗ್ಗದಲ್ಲಿ ತೇಲಿ ಬರುತ್ತಿದ್ದರು. ರಾಕ್ಷಸರು ರಂಗದ ನೆಲ ಬಾಯ್ದೆರೆದಾಗ ಹೊಗೆಯ ನಡುವಿನಿಂದ ಏಳುತ್ತಿದ್ದರು. ಕಣ್ಣೆವೆಯಿಕ್ಕುವುದರೊಳಗೆ ಅರಮನೆ ಅಡವಿಯಾಗುತ್ತಿತ್ತು. ನಾವೆಲ್ಟಿಯ ಜಾಗದಲ್ಲಿ ಮುಂದೆ ಎಕ್ಸೆಲ್ಸಿಯರ್ ಚಿತ್ರಮಂದಿರ ಬಂತು. 1879ರ ಗೇಯಿಟಿ 1928ರಲ್ಲಿ ಕ್ಯಾಪಿಟಲ್ ಚಿತ್ರಮಂದಿರವಾಯಿತು. ವಿಕ್ಟೋರಿಯಾ ಟರ್ಮಿನಸ್ಸಿನಿಂದ ಹೊರಬಿದ್ದವರ ಕಣ್ಣಿಗೆ ಎದುರಿಗೇ ಬೀಳುತ್ತಿದ್ದ ಕಟ್ಟಡ ಅದು. ನಾಟಕಗೃಹಗಳು ಸಿನಿಮಾಗೃಹಗಳಾದರೂ ಒಳಗಿನ ವ್ಯಾಪಾರ ಹೆಚ್ಚು ಬದಲಾಗಲಿಲ್ಲ. ಬೆರಗೇ ಅಲ್ಲಿನ ಮುಖ್ಯ ಸರಕು.

ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. ಪಾರ್ಸಿ ಕಂಪನಿಗಳ ಸೀನರಿಯನ್ನೂ ಯಂತ್ರತಂತ್ರಗಳನ್ನೂ ಕಂಡೇ ನಮ್ಮ ವೃತ್ತಿರಂಗಭೂಮಿ ತನ್ನ ಭವ್ಯತೆಯ ಕಲ್ಪನೆಯನ್ನು ಬೆಳೆಸಿಕೊಂಡಿತು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದದ್ದು ಆ ಬೆರಗಿನ ತುತ್ತತುದಿ. ಭಾರತೀಯ ಚಲನಚಿತ್ರದ ಪಿತಾಮಹರೆನಿಸಿದ ದಾದಾಸಾಹೇಬ್ ಫಾಲ್ಕೆ ಸ್ವತಃ ಜಾದೂಗಾರರಾಗಿದ್ದರು. ಅವರ ‘ಲಂಕಾದಹನ’ದಲ್ಲಿ (1917) ಹನುಮಂತ ಹಾರಿದ. ದೇವರು ಹಾರುವುದಕ್ಕೂ ದೆವ್ವ ಹಾರುವುದಕ್ಕೂ ಬೇಕಾದ ವಿದ್ಯೆ ಒಂದೇ. ಪೌರಾಣಿಕ ಚಿತ್ರವೂ ಪಿಶಾಚಿಯ ಚಿತ್ರವೂ ಒಂದೇ ಬಸಿರಿನ ಮಕ್ಕಳು.

ಆ ವಿದ್ಯೆಯ ದೊಡ್ಡ ಗುರು ಬಾಬುಭಾಯಿ ಮಿಸ್ತ್ರಿ. ಸೂರತ್ತಿನಲ್ಲಿ 1918ರಲ್ಲಿ ಹುಟ್ಟಿದ ಈತ ಹತ್ತೊಂಬತ್ತರ ವಯಸ್ಸಿನಲ್ಲಿ ವಿಜಯ್ ಭಟ್ಟರ ‘ಖ್ವಾಬ್ ಕೀ ದುನಿಯಾ’ (1937) ಚಿತ್ರಕ್ಕೆ ಕೆಲಸ ಮಾಡಿದರು. ಹಾಲಿವುಡ್ಡಿನ ‘ದಿ ಇನ್‌ವಿಸಿಬಲ್ ಮ್ಯಾನ್’ (1933) ಆ ಚಿತ್ರಕ್ಕೆ ಪ್ರೇರಣೆ. ಅದೃಶ್ಯ ಮನುಷ್ಯ ಲೋಟ ಎತ್ತಬೇಕು, ಕುರ್ಚಿ ಸರಿಸಬೇಕು. ಅವನು ಮಾತ್ರ ಕಾಣಬಾರದು. ಹಾಲಿವುಡ್ಡಿನ ಸಲಕರಣೆಗಳು ಇಲ್ಲಿರಲಿಲ್ಲ. ಬಾಬುಭಾಯಿ ಕಪ್ಪು ಹಿನ್ನೆಲೆಯ ಮುಂದೆ ವಸ್ತುಗಳನ್ನು ಕಪ್ಪು ದಾರಕ್ಕೆ ಕಟ್ಟಿ ಆಡಿಸಿದರು. ಅಂದಿನಿಂದ ಚಿತ್ರರಂಗದಲ್ಲಿ ಅವರಿಗೆ ‘ಕಾಲಾ ಧಾಗಾ’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಕಪ್ಪು ದಾರ! ಇದೇ ಕೈ ಮುಂದೆ ‘ಸಂಪೂರ್ಣ ರಾಮಾಯಣ’ವನ್ನೂ (1961) ನಿರ್ದೇಶಿಸಿತು. 1987ರ ‘ಮಿಸ್ಟರ್ ಇಂಡಿಯಾ’ದಲ್ಲಿ ಅನಿಲ್ ಕಪೂರರನ್ನು ಮಾಯ ಮಾಡಿದ ಪೀಟರ್ ಪಿರೇರಾ ಕೂಡ ಕಂಪ್ಯೂಟರಿನ ನೆರವಿಲ್ಲದ ಇದೇ ಪರಂಪರೆಯವರು.

ಅಗ್ಗದ ವಿಜ್ಞಾನಕ್ಕೂ ಒಂದು ಕಾಲ ಬಂತು. ಅಶೋಕ್ ಕುಮಾರರ ‘ಮಿಸ್ಟರ್ ಎಕ್ಸ್’ (1957), ಕಿಶೋರ್ ಕುಮಾರರ ‘ಮಿಸ್ಟರ್ ಎಕ್ಸ್ ಇನ್ ಬಾಂಬೆ’ (1964) ಅದೃಶ್ಯನ ಕಥೆಯನ್ನೇ ಮತ್ತೆ ಮತ್ತೆ ಹೇಳಿದವು. 1966ರ ‘ಗೊಗೋಲಾ’ದಲ್ಲಿ ಕಡಲಿನಿಂದ ದೈತ್ಯಪ್ರಾಣಿ ಎದ್ದು ಬಂತು. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಡುವುದಕ್ಕೆ ಎರಡು ವರ್ಷ ಮೊದಲೇ, 1967ರ ‘ಚಾಂದ್ ಪರ್ ಚಢಾಯಿ’ಯಲ್ಲಿ, ಕುಸ್ತಿಪಟು ದಾರಾ ಸಿಂಗ್ ಅಲ್ಲಿಗೆ ಹೋಗಿ ಹೊಡೆದಾಡಿದ್ದರು.

ಹವೇಲಿಯ ನೆಲಮಾಳಿಗೆ

ಭಯದ ಚಿತ್ರಗಳಿಗೆ ಒಂದು ಮನೆತನವೇ ಮುಡಿಪಾದದ್ದು ಮುಂದಿನ ದಶಕದಲ್ಲಿ. ಕರಾಚಿಯಲ್ಲಿ ರೇಡಿಯೊ ಅಂಗಡಿ ನಡೆಸಿದ್ದ ಎಫ್. ಯು. ರಾಮಸಿಂಘಾನಿ ದೇಶವಿಭಜನೆಯ ಬಳಿಕ ಮುಂಬಯಿಗೆ ಬಂದವರು. ಬ್ರಿಟಿಷ್ ಗಿರಾಕಿಗಳ ನಾಲಗೆಯಲ್ಲಿ ಅವರ ಹೆಸರು ‘ರಾಮ್ಸೇ’ ಆಗಿತ್ತು. ಅವರು ನಿರ್ಮಿಸಿದ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ (1970) ಸೋತಿತು. ಆದರೆ ಪೃಥ್ವಿರಾಜ್ ಕಪೂರ್ ಭೀಕರ ಮುಖವಾಡ ತೊಟ್ಟು ವಸ್ತುಸಂಗ್ರಹಾಲಯವನ್ನು ದೋಚುವ ಒಂದು ದೃಶ್ಯಕ್ಕೆ ಚಿತ್ರಮಂದಿರ ನಡುಗುವುದನ್ನು ಅವರ ಮಕ್ಕಳು ಗಮನಿಸಿದರು. ಜನಕ್ಕೆ ಬೇಕಾದದ್ದು ಆ ಒಂದು ದೃಶ್ಯವಾದರೆ ಇಡೀ ಚಿತ್ರವನ್ನೇ ಹಾಗೆ ಏಕೆ ಮಾಡಬಾರದು?

ಏಳು ಮಂದಿ ಅಣ್ಣತಮ್ಮಂದಿರು ಕೆಲಸ ಹಂಚಿಕೊಂಡರು. ಕುಮಾರ್ ಕಥೆ ಬರೆದರು, ತುಳಸಿ ಮತ್ತು ಶ್ಯಾಮ್ ನಿರ್ದೇಶಿಸಿದರು, ಗಂಗು ಮತ್ತು ಕೇಶು ಕ್ಯಾಮೆರಾ ಹಿಡಿದರು, ಕಿರಣ್ ಧ್ವನಿಯನ್ನು, ಅರ್ಜುನ್ ಸಂಕಲನವನ್ನು ನೋಡಿಕೊಂಡರು. 1972ರ ‘ದೋ ಗಜ್ ಜಮೀನ್ ಕೇ ನೀಚೇ’ ಚಿತ್ರಕ್ಕಾಗಿ ಕುಟುಂಬವೇ ಮಹಾಬಳೇಶ್ವರಕ್ಕೆ ಹೋಗಿ ಬೀಡುಬಿಟ್ಟಿತು. ನಮ್ಮ ಬಯಲಾಟದ ಮೇಳ ಊರಿಂದೂರಿಗೆ ಗಂಟುಮೂಟೆ ಹೊತ್ತು ಹೋದ ಹಾಗೆ. ಮುರುಡ್‌ನಲ್ಲಿರುವ ಜಂಜೀರಾ ನವಾಬರ ಅರಮನೆ ಅವರ ಹಲವು ಚಿತ್ರಗಳಿಗೆ ಹವೇಲಿಯಾಯಿತು. 1984ರ ‘ಪುರಾನಾ ಮಂದಿರ್’ ಆ ವರ್ಷದ ದೊಡ್ಡ ಗಳಿಕೆಯ ಚಿತ್ರಗಳ ಸಾಲಿಗೆ ಸೇರಿತು. ಅದರ ದೈತ್ಯ ‘ಸಾಮ್ರಿ’ಯಾಗಿ ಜನರ ನಿದ್ದೆಗೆಡಿಸಿದ ಎತ್ತರದಾಳು ಅನಿರುದ್ಧ್ ಅಗರ್‌ವಾಲ್ ರೂರ್ಕಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್.

‘ಪುರಾನಾ ಮಂದಿರ್’ ಕಥೆಯನ್ನು ಒಮ್ಮೆ ನೆನೆಯಿರಿ. ಹಿಂದೆಂದೋ ಮನೆತನದ ಹಿರಿಯನೊಬ್ಬ ಸಾಮ್ರಿಗೆ ಮರಣದಂಡನೆ ವಿಧಿಸಿದ್ದಾನೆ. ಸಾಯುವ ಮುನ್ನ ಸಾಮ್ರಿ ಶಾಪ ಕೊಟ್ಟಿದ್ದಾನೆ. ಆ ವಂಶದ ಹೆಣ್ಣುಮಕ್ಕಳು ಹೆರಿಗೆಯಲ್ಲೇ ಸಾಯುತ್ತಾರೆ. ನಗರದಲ್ಲಿ ಬೆಳೆದ ಮಗಳಿಗೆ ಇದಾವುದೂ ತಿಳಿಯದು. ಕಡೆಗೆ ಅವಳು ಹಳೆಯ ಹವೇಲಿಗೆ ಹೋಗಿಯೇ ತೀರಬೇಕು. ತಾನು ಮಾಡದ ಸಾಲದ ಲೆಕ್ಕ ಅಲ್ಲೇ ಚುಕ್ತಾ ಆಗಬೇಕು. ಮುಖವಾಡವನ್ನೂ ಹೊಗೆಯನ್ನೂ ತೆಗೆದುಬಿಟ್ಟರೆ ಉಳಿಯುವುದು ಇಷ್ಟೇ: ಊರು ಬಿಟ್ಟು ನಗರಕ್ಕೆ ಬಂದವರನ್ನು ಹಳೆಯ ಮನೆ ಕೈಬಿಟ್ಟಿಲ್ಲ.

ರಾತ್ರಿಶಾಲೆಯ ಪ್ರೇಕ್ಷಕ

ಇದು ಯಾರ ಕಥೆ? ದಕ್ಷಿಣ ಕನ್ನಡದಿಂದ ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ ಮುಂಬಯಿಗೆ ಬಂದ ಹುಡುಗರ ತಲೆಮಾರುಗಳು ಫೋರ್ಟಿನ ಉಡುಪಿ ಹೋಟೆಲುಗಳಲ್ಲಿ, ಕಚೇರಿಗಳ ಕ್ಯಾಂಟೀನುಗಳಲ್ಲಿ ದುಡಿದವು. ಹಗಲು ಮೇಜು ಒರೆಸಿ, ಸಂಜೆ ರಾತ್ರಿಶಾಲೆಯಲ್ಲಿ ಕುಳಿತು ಕನ್ನಡದಲ್ಲಿ ಪಾಠ ಕಲಿತವರು ಮುಂದೆ ಬ್ಯಾಂಕು ನೌಕರರಾದರು, ವಕೀಲರಾದರು, ಹೋಟೆಲ್ ಮಾಲಕರಾದರು, ಲೇಖಕರಾದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳ ಸಾಧನೆಯನ್ನು ಮುಂಬಯಿ ಕನ್ನಡಿಗರ ಚರಿತ್ರೆ ಅಭಿಮಾನದಿಂದ ದಾಖಲಿಸಿದೆ. ಆದರೆ ಆ ಹುಡುಗರಿಗೆ ದೊರೆತ ಬಿಡುವಿನ ಹೊತ್ತು ನಮ್ಮ ಗ್ರಂಥಗಳಲ್ಲಿ ಕಾಣುವುದು ಅಪರೂಪ. ಅವರ ನಡಿಗೆಯ ಅಳತೆಯಲ್ಲೇ ಕ್ಯಾಪಿಟಲ್, ಎಕ್ಸೆಲ್ಸಿಯರ್, ಎಂಪೈರ್, ಸ್ಟರ್ಲಿಂಗ್ ಇದ್ದವು. ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಗಿರಾಕಿಯೊಂದಿಗೆ ಹರಕುಮುರುಕು ಹಿಂದಿ. ಭಾಷೆ ಇನ್ನೂ ಕೈಗೆ ಹತ್ತದವನಿಗೂ ಕೀರಲು ಬಾಗಿಲಿನ ಸದ್ದು ಅರ್ಥವಾಗುತ್ತದೆ. ಭೂತದ ಚಿತ್ರಕ್ಕೆ ದುಭಾಷಿ ಬೇಡ.

ಅವನಿಗೆ ಸಾಮ್ರಿ ಹೊಸಬನೂ ಅಲ್ಲ. ಊರಿನ ಬಯಲಿನಲ್ಲಿ ಯಕ್ಷಗಾನದ ಬಣ್ಣದ ವೇಷವನ್ನು ನೋಡಿ ಬೆಳೆದವನು ಅವನು. ಚೌಕಿಯಲ್ಲಿ ಹಲವು ಗಂಟೆ ಕುಳಿತು ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿಯನ್ನು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಟ್ಟುಕೊಳ್ಳುವ ಕಲಾವಿದ, ನಡುರಾತ್ರಿ ಕಳೆದ ಮೇಲೆ ತೆರೆಯ ಹಿಂದಿನಿಂದ ಅಬ್ಬರಿಸುತ್ತಾನೆ. ‘ದೇವಿಮಹಾತ್ಮ್ಯೆ’ಯ ಮಹಿಷಾಸುರ ಸಭೆಯ ಹಿಂದಿನಿಂದ ದೊಂದಿಗಳ ನಡುವೆ ಬರುವಾಗ ರಾಳದ ಬೆಂಕಿ ಭುಗಿಲೇಳುತ್ತದೆ, ನಿದ್ದೆಹೋದ ಮಕ್ಕಳು ಕಿರುಚಿ ಏಳುತ್ತವೆ. ಬಣ್ಣದ ಮಹಾಲಿಂಗ ಅವರಂಥ ಕಲಾವಿದರು ಆ ಭಯಕ್ಕೇ ಹೆಸರಾದವರು. ವೇಷದ ಒಳಗಿರುವವರು ಯಾರೆಂಬುದು ಸಭೆಗೆಲ್ಲ ಗೊತ್ತು. ಬೆಳಗ್ಗೆ ಅದೇ ಕಲಾವಿದ ಪಕ್ಕದ ಬೆಂಚಿನಲ್ಲಿ ಕುಳಿತು ಚಹಾ ಕುಡಿಯುತ್ತಾನೆ. ಗೊತ್ತಿರುವುದರಿಂದ ಅಬ್ಬರದ ಹೊತ್ತಿನ ನಡುಕ ಕಡಿಮೆಯಾಗುವುದಿಲ್ಲ. ವೇಷವನ್ನು ವೇಷವೆಂದು ಬಲ್ಲ ಈ ಸಭೆ ರಬ್ಬರಿನ ಮುಖವಾಡದ ಅಂಚು ಕಂಡಾಗ ಮೋಸವಾಯಿತೆಂದು ಎದ್ದು ಹೋಗುವುದಿಲ್ಲ. ಅದು ಕಟ್ಟುವಿಕೆಯನ್ನೂ ಸವಿಯುತ್ತದೆ, ಭಯವನ್ನೂ ಸವಿಯುತ್ತದೆ.

ಹವೇಲಿಯ ಕಥೆಯೂ ಅವನಿಗೆ ಬೇರೆ ಹೆಸರಿನಲ್ಲಿ ಪರಿಚಿತ. ತುಳುನಾಡಿನ ಕುಟುಂಬಗಳಲ್ಲಿ ಕಾಯಿಲೆ ಕಸಾಲೆ ಬಂದಾಗ, ಮದುವೆ ತಪ್ಪಿದಾಗ ಪ್ರಶ್ನೆ ಇಡಿಸುತ್ತಾರೆ. ತರವಾಡು ಮನೆಯ ದೈವಕ್ಕೆ ಸಲ್ಲಬೇಕಾದದ್ದು ಸಂದಿಲ್ಲ ಎಂಬ ಉತ್ತರ ಬರುತ್ತದೆ. ಮುಂಬಯಿಗೆ ಕಾಗದ ಹೋಗುತ್ತದೆ. ದುಡಿಯುವ ಮಗ ರಜೆ ಹಾಕಿ ನೇಮಕ್ಕೆ ಊರಿಗೆ ಹೊರಡುತ್ತಾನೆ. ದೈವಾರಾಧನೆ ಆಟವಲ್ಲ, ಅದನ್ನು ಸಿನಿಮಾದ ದೆವ್ವದೊಡನೆ ಬೆರೆಸುವುದು ತರವೂ ಅಲ್ಲ. ಆದರೂ ಬಿಟ್ಟುಬಂದ ಮನೆಯಲ್ಲಿ ತೀರದ ಋಣವೊಂದಿದೆ ಎಂಬ ಅಳುಕು ಇಬ್ಬರಲ್ಲೂ ಒಂದೇ. ಊರಿನಲ್ಲಿ ಆ ಅಳುಕಿಗೆ ಕೈಮುಗಿಯಬೇಕು. ಕ್ಯಾಪಿಟಲ್‌ನ ಕತ್ತಲಲ್ಲಿ ಅದನ್ನು ನೋಡಿ ಕಿರುಚಬಹುದು, ಗೆಳೆಯನ ತೋಳು ಚಿವುಟಬಹುದು, ನಗಬಹುದು, ಮರುದಿನ ಬೆಳಗ್ಗೆ ಎದ್ದು ಇಡ್ಲಿ ಹಿಟ್ಟು ಹೊಯ್ಯಬಹುದು. ಜಪಾನಿನ ‘ಗೊಡ್ಜಿಲ್ಲಾ’ (1954) ಕೂಡ ಹೀಗೆಯೇ ಹುಟ್ಟಿತು. ರಬ್ಬರಿನ ಅಂಗಿಯೊಳಗೆ ಇದ್ದವನು ಒಬ್ಬ ನಟ. ಪ್ರೇಕ್ಷಕರ ಎದೆಯೊಳಗೆ ಇದ್ದದ್ದು ಹಿರೋಶಿಮಾ.

ಕನ್ನಡ ಚಿತ್ರರಂಗವೂ ಇದೇ ತಂತಿಯನ್ನು ಮೀಟಿತು. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಪ್ರೇತ ಮೆಟ್ಟಿದ ಗಂಡನಾಗಿ ಅನಂತ್ ನಾಗ್, ಅವನನ್ನು ಉಳಿಸಿಕೊಳ್ಳುವ ಹೆಂಡತಿಯಾಗಿ ಲಕ್ಷ್ಮಿ ಅಭಿನಯಿಸಿದರು. ‘ದಿ ಎಕ್ಸಾರ್ಸಿಸ್ಟ್’ ಚಿತ್ರದ ನೆರಳು ಅದರ ಮೇಲಿದ್ದರೂ ಪರಿಹಾರ ದೊರೆತದ್ದು ಮಂತ್ರಾಲಯದ ರಾಯರ ಭಕ್ತಿಯಲ್ಲಿ. ಶಿರಾಲಿಯಿಂದ ಓದಲು ಮುಂಬಯಿಗೆ ಬಂದು ಇಲ್ಲಿನ ರಂಗಭೂಮಿಯಲ್ಲಿ ಪಳಗಿದವರು ಅನಂತ್ ನಾಗ್. ಚಿತ್ರ ಹಿಂದಿಯಲ್ಲಿ ‘ಮಂಗಳಸೂತ್ರ’ (1981) ಆದಾಗ ರೇಖಾ ಅವರ ಜೊತೆ ಮತ್ತೆ ಅದೇ ಪಾತ್ರ ಅವರಿಗೇ ಬಂತು. ಭೂತವೊಂದು ಕನ್ನಡದಿಂದ ಮುಂಬಯಿಗೆ ಪ್ರಯಾಣ ಮಾಡಿದ ಅಪೂರ್ವ ಉದಾಹರಣೆ ಇದು.

ಪ್ರೀತಿಯ ಲೆಕ್ಕ

ಇಷ್ಟು ಹೇಳಿದ ಮೇಲೆ ಈ ಚಿತ್ರಗಳ ಕೊಳೆಯನ್ನು ಮುಚ್ಚಿಡುವುದು ಪ್ರಾಮಾಣಿಕವಲ್ಲ. ರಾಮ್ಸೇ ಚಿತ್ರಗಳ ಕ್ಯಾಮೆರಾ ಹೆಣ್ಣಿನ ಮೈಯನ್ನು ಟಿಕೆಟ್ಟಿನ ಜೊತೆಗೆ ಮಾರುವ ಸರಕಾಗಿಸಿತು. ಸ್ನಾನದ ದೃಶ್ಯ ಒಂದು ಸೂತ್ರವೇ ಆಯಿತು. ಮಂತ್ರವಾದಿ ಎಂದರೆ ಕಪ್ಪು ಬಣ್ಣದವನು, ಕಾಡಿನವನು, ವಿಕಾರ ರೂಪದವನು ಎಂಬ ಕೆಟ್ಟ ನಂಬಿಕೆಗೆ ಅವು ನೀರೆರೆದವು. ‘ವಯಸ್ಕರಿಗೆ ಮಾತ್ರ’ ಎಂಬ ಪ್ರಮಾಣಪತ್ರ ಅವಕ್ಕೆ ಕಳಂಕವಾಗುವ ಬದಲು ಜಾಹೀರಾತಾಯಿತು. ಕುಟುಂಬಸ್ಥ ಹೆಂಗಸರು ನೆಮ್ಮದಿಯಿಂದ ಕುಳಿತು ನೋಡುವ ವಾತಾವರಣ ಆ ಚಿತ್ರಮಂದಿರಗಳಲ್ಲಿ ಇರಲಿಲ್ಲ. ನಾವು ಮಾತನಾಡುತ್ತಿರುವ ಬೆರಗು ಬಹುಮಟ್ಟಿಗೆ ಗಂಡಸರ ಬೆರಗು. ಹಳೆಯ ಚಿತ್ರಗಳ ಮೇಲಿನ ಪ್ರೀತಿ ಈ ಲೆಕ್ಕವನ್ನೂ ತನ್ನ ಖಾತೆಯಲ್ಲಿ ಬರೆದುಕೊಳ್ಳಬೇಕು.

ಹಾಗೆಂದು ಅವು ಅಳಿದುಹೋಗಲಿ ಎನ್ನಲಾಗದು. ಫ್ರಾನ್ಸಿನ ಜಾರ್ಜ್ ಮೆಲಿಯೆ 1902ರಲ್ಲಿ ಮನುಷ್ಯರನ್ನು ಚಂದ್ರಲೋಕಕ್ಕೆ ಕಳುಹಿಸಿದ ಜಾದೂಗಾರ. ಮೊದಲ ಮಹಾಯುದ್ಧದ ಕಾಲದಲ್ಲಿ ಆತನ ಚಿತ್ರಗಳ ಸುರುಳಿಗಳನ್ನು ಸೈನ್ಯ ಕರಗಿಸಿ ಬೂಟುಗಳ ಹಿಮ್ಮಡಿಗೆ ಬಳಸಿತು. ಉಳಿದ ನೆಗೆಟಿವ್‌ಗಳನ್ನು 1923ರಲ್ಲಿ ಹತಾಶನಾಗಿ ಆತನೇ ಸುಟ್ಟ. ಆ ಚಂದ್ರಯಾನದ ಬಣ್ಣದ ಪ್ರತಿಯೊಂದು 1993ರಲ್ಲಿ ಸ್ಪೇನಿನಲ್ಲಿ ಸಿಕ್ಕಿತು, 2011ರಲ್ಲಿ ಪುನರುಜ್ಜೀವನಗೊಂಡಿತು. ನಮ್ಮಲ್ಲೂ ಹಳೆಯ ಸುರುಳಿಗಳನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸಿದ್ದಾರೆ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ದ (1931) ಒಂದು ಪ್ರತಿಯೂ ಇಂದು ಇಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ. ಗೌರವಾನ್ವಿತ ಚಿತ್ರಗಳಿಗೇ ಈ ಗತಿಯಾದಾಗ ರಟ್ಟಿನ ರಾಕೆಟ್ಟುಗಳನ್ನು ಕಾಯುವವರು ಯಾರು?

ಕಟ್ಟಡಗಳ ಕಥೆಯೂ ಅದೇ. ವಾಟ್ಸನ್ ಹೋಟೆಲು ಎಸ್‌ಪ್ಲನೇಡ್ ಮ್ಯಾನ್ಷನ್ ಎಂಬ ಹೆಸರಿನಲ್ಲಿ ಶಿಥಿಲವಾಗಿ ನಿಂತು, 2019ರಲ್ಲಿ ಒಳಗಿದ್ದವರನ್ನೆಲ್ಲ ತೆರವುಗೊಳಿಸಲಾಯಿತು. ನ್ಯೂ ಎಂಪೈರ್ 2014ರಲ್ಲಿ ಮುಚ್ಚಿತು. ಕ್ಯಾಪಿಟಲ್‌ನಲ್ಲಿ ಈಗ ಆಟವಿಲ್ಲ. ಜಯಂತ ಕಾಯ್ಕಿಣಿಯವರು ‘ಒಪೆರಾ ಹೌಸ್’ ಕಥೆಯಲ್ಲಿ ಹಳೆಯ ಚಿತ್ರಮಂದಿರದ ಕಸಗುಡಿಸುವವನನ್ನು ಕೇಂದ್ರಕ್ಕೆ ತಂದು, ಈ ಕತ್ತಲ ಮನೆಗಳು ಎಷ್ಟು ಬಾಳುಗಳಿಗೆ ಆಸರೆಯಾಗಿದ್ದವೆಂದು ಕನ್ನಡಕ್ಕೆ ಕಾಣಿಸಿದರು. ಕಥೆ ಮಾಡಿದ ಆ ಕೆಲಸವನ್ನು ಚರಿತ್ರೆ ಇನ್ನೂ ಮಾಡಬೇಕಾಗಿದೆ.

ಫೋರ್ಟಿನ ರಾತ್ರಿಶಾಲೆಗಳಲ್ಲಿ ಓದಿ ಈಗ ಎಪ್ಪತ್ತು ಎಂಬತ್ತು ದಾಟಿದ ಹಿರಿಯರು ನಮ್ಮ ನಡುವೆ ಇದ್ದಾರೆ. ಅವರನ್ನು ಸಂದರ್ಶಿಸುವಾಗ ನಾವು ಕೇಳುವುದು ಕಷ್ಟದ ದಿನಗಳನ್ನು, ಕಲಿಸಿದ ಗುರುಗಳನ್ನು, ಕಟ್ಟಿದ ಸಂಸ್ಥೆಗಳನ್ನು. ಇನ್ನು ಮೇಲೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸೋಣ: ಯಾವ ಚಿತ್ರಮಂದಿರದಲ್ಲಿ, ಯಾವ ದೆವ್ವವನ್ನು ನೋಡಿ, ಯಾರ ಜೊತೆ ಹೆದರಿದಿರಿ? ಟಿಕೆಟ್ಟಿಗೆ ಎಷ್ಟು ಕೊಟ್ಟಿರಿ? ತಡವಾಗಿ ಬಂದಾಗ ಬಾಗಿಲು ತೆರೆದವರು ಯಾರು? ಮಳೆಗಾಲದಲ್ಲಿ ಊರಿನ ಮೇಳ ಮುಂಬಯಿಗೆ ಬಂದಾಗ ಅದೇ ವಾರ ಬಣ್ಣದ ವೇಷವನ್ನೂ ಸಾಮ್ರಿಯನ್ನೂ ನೋಡಿದವರು ಇರಬಹುದು. ಯಾರಿಗೆ ಹೆಚ್ಚು ಹೆದರಿದರೆಂದು ಅವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.